ಅಂತರ್ಜಲ, ಕಾನೂನು, ಇತಿಹಾಸ ಸೇರಿದ ಸ್ವಂತ ಮೇಜರ್: ಪ್ರಸ್ತಾವನೆಯನ್ನು ಹೇಗೆ ಕಟ್ಟಬೇಕು?

ಪ್ರಶ್ನೆ: ಹಿರಿಯೂರಿನ ವಿದ್ಯಾರ್ಥಿನಿ

ನಾನು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಕಡೆಯವಳು. ಈಗ ಅಮೆರಿಕದ ಮಧ್ಯಪಶ್ಚಿಮದ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ಸೇರಿದ್ದು ಪದವಿಯ ಮುಖ್ಯ ವಿಷಯವಾಗಿ, ಅಂದರೆ ಮೇಜರ್ ಆಗಿ, ಪರಿಸರ ವಿಜ್ಞಾನದ ಮೇಜರ್‌ಗೆ. ಆದರೆ ನನ್ನನ್ನು ಕಾಡುತ್ತಿರುವ ವಿಷಯ ಆ ಒಂದು ವಿಭಾಗದೊಳಗೆ ಮುಗಿಯುವಂಥದ್ದಲ್ಲ ಎಂಬುದು ಈ ವರ್ಷ ಸ್ಪಷ್ಟವಾಗುತ್ತಿದೆ.

ಇಲ್ಲಿನ ಮೆಕ್ಕೆಜೋಳದ ಹೊಲಗಳು ಓಗಲ್ಲಾಲ ಜಲಸ್ತರದ ನೀರನ್ನು ನೆಚ್ಚಿಕೊಂಡಿವೆ. ಎಂಟು ರಾಜ್ಯಗಳ ಕೆಳಗೆ ಹರಡಿರುವ ಆ ಜಲಸ್ತರದ ಮಟ್ಟ ಹಲವೆಡೆ ಇಳಿಯುತ್ತಲೇ ಬಂದಿದೆ. ನಮ್ಮ ಊರಿನ ತೆಂಗು, ಅಡಿಕೆ ತೋಟಗಳು ಕೊಳವೆಬಾವಿಯನ್ನು ನೆಚ್ಚಿಕೊಂಡಿವೆ. ಅಲ್ಲಿ ನೀರಿರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ನೆಬ್ರಾಸ್ಕದಲ್ಲಿ 1972ರಿಂದ ಕೆಲಸ ಮಾಡುತ್ತಿರುವ ನೈಸರ್ಗಿಕ ಸಂಪನ್ಮೂಲ ಜಿಲ್ಲೆಗಳಲ್ಲಿ, ಸ್ಥಳೀಯರೇ ಚುನಾಯಿಸಿದ ಮಂಡಳಿಗೆ ಅಂತರ್ಜಲ ಎತ್ತುವುದಕ್ಕೆ ಮಿತಿ ಹಾಕುವ ಅಧಿಕಾರವಿದೆ. ನಮ್ಮಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದ್ದರೂ, ನೆಲ ಯಾರದೋ ಅದರಡಿಯ ನೀರೂ ಅವರದೇ ಎಂಬ ಹಳೆಯ ತಿಳಿವಳಿಕೆಯಲ್ಲೇ ತೋಟಗಳ ವ್ಯವಹಾರ ಸಾಗುತ್ತದೆ. ಈ ವ್ಯತ್ಯಾಸ ಬಂಡೆಯಿಂದ ಬಂದದ್ದೇ, ಕಾನೂನಿನಿಂದ ಬಂದದ್ದೇ, ಅಥವಾ ಕೆರೆಗಳನ್ನು ಊರೊಟ್ಟಿನಲ್ಲಿ ನೋಡಿಕೊಳ್ಳುತ್ತಿದ್ದ ರೂಢಿ ಕೊಳವೆಬಾವಿ ಬಂದ ಮೇಲೆ ಸಡಿಲವಾದದ್ದರಿಂದಲೇ ಎಂಬುದನ್ನು ನಾನು ಓದಬೇಕೆಂದಿದ್ದೇನೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೇ ತನ್ನ ಮೇಜರ್ ರೂಪಿಸಿಕೊಳ್ಳುವುದಕ್ಕೆ ಅವಕಾಶವಿದೆ. ಒಬ್ಬ ಅಧ್ಯಾಪಕರ ಒಪ್ಪಿಗೆ, ಕೋರ್ಸುಗಳ ಪಟ್ಟಿ ಮತ್ತು ಒಂದು ಲಿಖಿತ ಪ್ರಸ್ತಾವನೆಯನ್ನು ಸಮಿತಿಗೆ ಸಲ್ಲಿಸಬೇಕು. ಜಲವಿಜ್ಞಾನ, ಭೂಗೋಳ, ಇತಿಹಾಸ, ಕಾನೂನು, ಅರ್ಥಶಾಸ್ತ್ರ, ಮಾನವಶಾಸ್ತ್ರಗಳಿಂದ ನನಗೆ ಇಷ್ಟವಾದ ಕೋರ್ಸುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಪಟ್ಟಿ ಬೆಳೆಯುತ್ತಿದೆ, ಪ್ರಸ್ತಾವನೆ ಮಾತ್ರ ಮುಂದೆ ಹೋಗುತ್ತಿಲ್ಲ. ತಂದೆಯವರು ಸಾಲ ಮಾಡಿ ಓದಿಸುತ್ತಿದ್ದಾರೆ. ನಾನಿರುವುದು ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ, ಓದು ಮುಗಿದ ಕೆಲವು ವರ್ಷಗಳ ನಂತರ ಕರ್ನಾಟಕಕ್ಕೆ ಮರಳುವ ಉದ್ದೇಶವೂ ಇದೆ. ಇಂತಹ ಪದವಿಯನ್ನು ಮುಂದೆ ಯಾರಾದರೂ ಮಾನ್ಯ ಮಾಡುತ್ತಾರೆಯೇ? ಈ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಇಂಡಿಯಾನಾದಿಂದ ಒಬ್ಬ ಕನ್ನಡಿಗ

ನಾನು ಇಂತಹದೇ ಪದವಿ ಪಡೆದು ಈಗ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬರಹದ ಎರಡನೆಯ ಪರಿಚ್ಛೇದವನ್ನು ಮತ್ತೊಮ್ಮೆ ಓದಿಕೊಳ್ಳಿ. ಪ್ರಸ್ತಾವನೆಯ ಮೊದಲ ಪುಟ ಅಲ್ಲೇ ಇದೆ. ಕೊನೆಯ ಪರಿಚ್ಛೇದದ ಆರು ವಿಭಾಗಗಳ ಪಟ್ಟಿಯಿಂದ ಆರಂಭಿಸಿದ್ದರಿಂದಲೇ ಕೆಲಸ ಮುಂದೆ ಹೋಗುತ್ತಿಲ್ಲ ಎಂದು ನನ್ನ ಅಭಿಪ್ರಾಯ.

ಈ ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಿದರೆ ಸಮಿತಿಗಳು ಏನನ್ನು ಹುಡುಕುತ್ತವೆ ಎಂಬುದು ಅರ್ಥವಾಗುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಇದು ವ್ಯಾಪಕವಾದದ್ದು 1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದ ಆರಂಭದಲ್ಲಿ. ಕೋರ್ಸುಗಳ ಆಯ್ಕೆಯನ್ನು ವಿದ್ಯಾರ್ಥಿಗೇ ಬಿಡುವ ಬ್ರೌನ್ ವಿಶ್ವವಿದ್ಯಾಲಯದ ಮುಕ್ತ ಪಠ್ಯಕ್ರಮ 1969ರಲ್ಲಿ ಅಂಗೀಕಾರವಾಯಿತು, ಅದರ ಹಿಂದಿನ ಅಧ್ಯಯನ ಮತ್ತು ಒತ್ತಾಯ ವಿದ್ಯಾರ್ಥಿಗಳದ್ದು. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಷೈರ್ ಕಾಲೇಜು 1970ರಲ್ಲಿ ಆರಂಭವಾದಾಗ ಅಂಕಗಳನ್ನೇ ಕೈಬಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ಅಧ್ಯಾಪಕರ ಸಮಿತಿಯೊಂದಿಗೆ ತನ್ನ ಅಧ್ಯಯನವನ್ನು ರೂಪಿಸಿಕೊಂಡು ಕೊನೆಯ ವರ್ಷ ಒಂದು ದೊಡ್ಡ ಸ್ವತಂತ್ರ ಯೋಜನೆಯನ್ನು ಪೂರೈಸುವ ವ್ಯವಸ್ಥೆ ಮಾಡಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆಯ ಮೂಲ 1972ರದ್ದು. ಅಲ್ಲಿ ಇಂದಿಗೂ ವಿದ್ಯಾರ್ಥಿ ತಾನೇ ಆರಿಸಿದ ಗ್ರಂಥಪಟ್ಟಿಯನ್ನು ಮುಂದಿಟ್ಟುಕೊಂಡು ಮೂವರು ಅಧ್ಯಾಪಕರೊಡನೆ ಮೌಖಿಕ ಚರ್ಚೆಯಲ್ಲಿ ತೇರ್ಗಡೆಯಾಗಬೇಕು. ನಾನಿರುವ ಇಂಡಿಯಾನಾದ ವಿಶ್ವವಿದ್ಯಾಲಯದಿಂದ ವಿಲ್ ಶಾರ್ಟ್ಸ್ ಎಂಬವರು 1974ರಲ್ಲಿ ಒಗಟುಗಳ ಶಾಸ್ತ್ರದಲ್ಲಿ ಪದವಿ ಪಡೆದು, 1993ರಿಂದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪದಬಂಧ ಸಂಪಾದಕರಾಗಿದ್ದಾರೆ. ಅವರ ವಿಷಯ ಹೇಳುವವರು ಸಾಮಾನ್ಯವಾಗಿ ಪದವಿಯ ವಿಚಿತ್ರ ಹೆಸರಿಗೇ ನಿಂತುಬಿಡುತ್ತಾರೆ. ಅಮೆರಿಕದ ಪದ-ಒಗಟುಗಳ ಇತಿಹಾಸದ ಮೇಲೆ ಅವರು ಪ್ರಬಂಧ ಬರೆದರೆಂಬುದೂ, ನಂತರ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರೆಂಬುದೂ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಸಂಗತಿಗಳು. ಹೆಸರು ಎಷ್ಟೇ ಅಪರೂಪದ್ದಾಗಿದ್ದರೂ ಒಳಗಿನ ಕೆಲಸ ಗಟ್ಟಿಯಾಗಿದ್ದರೆ ಮುಂದಿನ ಓದಿನ ಬಾಗಿಲು ಮುಚ್ಚುವುದಿಲ್ಲ.

ಈಗ ಪ್ರಸ್ತಾವನೆಯ ವಿಷಯ. ಸಮಿತಿ ಕೇಳುವ ಮೊದಲ ಪ್ರಶ್ನೆ ಬಹುತೇಕ ಎಲ್ಲ ಕಡೆ ಒಂದೇ: ಈಗಿರುವ ಯಾವ ಮೇಜರ್ ನಿಮ್ಮ ಉದ್ದೇಶಕ್ಕೆ ಅತಿ ಸಮೀಪದ್ದು, ಅದು ಏಕೆ ಸಾಲದು? ಇದಕ್ಕೆ ಆ ಮೇಜರಿನ ಕಡ್ಡಾಯ ಕೋರ್ಸುಗಳನ್ನು ಹೆಸರಿಸಿ, ಇಂತಿಂಥವು ನನಗೆ ಬೇಕು, ಇಂತಿಂಥವುಗಳ ಜಾಗದಲ್ಲಿ ಬೇರೆ ಬೇಕು, ಕಾರಣ ಹೀಗಿದೆ ಎಂದು ಉತ್ತರಿಸಬೇಕು. 'ನನ್ನ ಆಸಕ್ತಿಗಳು ಹಲವು' ಎಂಬ ಉತ್ತರವನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಏಕೆಂದರೆ ಆಸಕ್ತಿಗಳ ಸಲುವಾಗಿ ಐಚ್ಛಿಕ ಕೋರ್ಸುಗಳಿವೆ, ಮೇಜರಿನ ಜೊತೆಗೆ ಓದುವ ಚಿಕ್ಕ ಉಪವಿಷಯಗಳಾದ ಮೈನರ್‌ಗಳಿವೆ. ಸ್ವಂತ ಮೇಜರ್ ಬೇಕಾಗುವುದು ಒಂದೇ ಪ್ರಶ್ನೆಯನ್ನು ಬಿಡಿಸಲು ಎರಡು ಮೂರು ಶಿಸ್ತುಗಳ ವಿಧಾನಗಳನ್ನು ಒಟ್ಟಿಗೆ ಕಲಿಯದೆ ಗತ್ಯಂತರವಿಲ್ಲ ಎಂದಾದಾಗ. ನಿಮ್ಮ ಪ್ರಶ್ನೆ ಅಂಥದ್ದೇ. ಗಟ್ಟಿ ಬಂಡೆಯಲ್ಲಿ ನೀರು ಹೇಗೆ ನಿಲ್ಲುತ್ತದೆ, ಹೇಗೆ ಚಲಿಸುತ್ತದೆ ಎಂದು ತಿಳಿಯದವರು ಹಿರಿಯೂರಿನ ಕೊಳವೆಬಾವಿ ಬತ್ತಿದ್ದಕ್ಕೆ ಕಾನೂನನ್ನು ದೂರುವಂತಿಲ್ಲ. ಕಾನೂನನ್ನು ಓದದವರು ನೆಬ್ರಾಸ್ಕದ ಮಂಡಳಿಗೆ ಆ ಅಧಿಕಾರ ಎಲ್ಲಿಂದ ಬಂತೆಂದು ವಿವರಿಸುವಂತಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆದುಕೊಳ್ಳಿ. ಅದನ್ನು ಬಿಡಿಸಲು ಏನೇನು ಮಾಡಬಲ್ಲವರಾಗಬೇಕೆಂದು ಅದರ ಕೆಳಗೆ ಬರೆಯಿರಿ: ನೀರಿನ ಮಟ್ಟದ ದತ್ತಾಂಶವನ್ನು ವಿಶ್ಲೇಷಿಸುವುದು, ನಕ್ಷೆ ರಚಿಸುವುದು, ಕಾಯ್ದೆ ಮತ್ತು ತೀರ್ಪುಗಳನ್ನು ಓದುವುದು, ಹಳೆಯ ದಾಖಲೆಗಳನ್ನು ಬಳಸುವುದು, ರೈತರ ಸಂದರ್ಶನ ನಡೆಸುವುದು. ಇವುಗಳಲ್ಲಿ ಪ್ರತಿಯೊಂದಕ್ಕೂ ಆರಂಭದ ಹಂತದ ಒಂದು ಕೋರ್ಸು, ಅದರ ಮೇಲೆ ಉನ್ನತ ಹಂತದ ಒಂದೆರಡು ಕೋರ್ಸುಗಳು ಬರಬೇಕು. ಪಟ್ಟಿಯ ಪ್ರತಿಯೊಂದು ಕೋರ್ಸಿನ ಎದುರೂ ಅದು ಪ್ರಶ್ನೆಯ ಯಾವ ಭಾಗಕ್ಕೆ ಬೇಕೆಂದು ಒಂದು ಸಾಲು ಬರೆಯಿರಿ. ಬರೆಯಲಾಗದ ಕೋರ್ಸನ್ನು, ಅದು ಎಷ್ಟೇ ಇಷ್ಟವಾಗಿದ್ದರೂ, ಮೇಜರಿನಿಂದ ತೆಗೆದು ಐಚ್ಛಿಕವಾಗಿ ಓದಿ. ಮಾನವಶಾಸ್ತ್ರ ಮತ್ತು ಅರ್ಥಶಾಸ್ತ್ರಗಳಲ್ಲಿ ಒಂದನ್ನು ಬಿಡಬೇಕಾಗಬಹುದು. ನಾಲ್ಕು ವರ್ಷದ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್‌ಗಳದ್ದು, ಅದರಲ್ಲಿ ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣದ ಪಾಲನ್ನು ಕಳೆದರೆ ಆರು ವಿಭಾಗಗಳಲ್ಲಿ ಆಳಕ್ಕೆ ಇಳಿಯುವಷ್ಟು ಜಾಗ ಉಳಿಯುವುದಿಲ್ಲ.

ಇನ್ನೊಂದು ಮಾತು. ಅಧ್ಯಾಪಕರ ಸಹಿಯನ್ನು ಕೊನೆಯ ಹೆಜ್ಜೆ ಎಂದು ತಿಳಿಯಬೇಡಿ. ಕರಡು ಕೈಯಲ್ಲಿರುವಾಗಲೇ ಜಲವಿಜ್ಞಾನದ ಒಬ್ಬರನ್ನೂ ಕಾನೂನು ಅಥವಾ ಇತಿಹಾಸದ ಒಬ್ಬರನ್ನೂ ಭೇಟಿ ಮಾಡಿ. ಮುಂದಿನ ಎರಡು ವರ್ಷ ಅವರು ರಜೆಯ ಮೇಲೆ ಹೋಗುವರೇ, ಕೊನೆಯ ವರ್ಷದ ಪ್ರಬಂಧಕ್ಕೆ ಮಾರ್ಗದರ್ಶನ ನೀಡುವರೇ ಎಂದು ನೇರವಾಗಿ ಕೇಳಿ. ಸಾಮಾನ್ಯ ಮೇಜರಿನ ವಿದ್ಯಾರ್ಥಿಗೆ ಒಂದು ವಿಭಾಗ, ಸಹಪಾಠಿಗಳು, ನೋಟಿಸು ಫಲಕ ಎಲ್ಲವೂ ಇರುತ್ತವೆ. ನಿಮಗಿರುವುದು ಈ ಇಬ್ಬರು ಮಾತ್ರ.

ಉತ್ತರ: ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಸಲಹೆಗಾರ್ತಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಎಫ್-1 ವೀಸಾದಲ್ಲಿರುವವರು ಪ್ರಸ್ತಾವನೆ ಸಲ್ಲಿಸುವ ಮುನ್ನವೇ ನೋಡಬೇಕಾದ ಒಂದು ವಿಷಯವಿದೆ, ಮೇಜರಿನ ಸಮಿತಿ ಅದನ್ನು ನಿಮಗೆ ಹೇಳಲಾರದು, ಏಕೆಂದರೆ ಅದು ಅವರ ಕೆಲಸವಲ್ಲ.

ಅಮೆರಿಕದಲ್ಲಿ ಪ್ರತಿಯೊಂದು ಮೇಜರಿಗೂ ಸಿಐಪಿ ಎಂಬ ಆರು ಅಂಕಿಗಳ ಸಂಕೇತವಿದೆ, ಅದು ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ನಿಮ್ಮ ಐ-20 ಪತ್ರದಲ್ಲಿ ನಮೂದಾಗಿರುತ್ತದೆ. ಪದವಿಯ ನಂತರ ಎಲ್ಲರಿಗೂ ದೊರೆಯುವ ಒಪಿಟಿ, ಅಂದರೆ ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅವಧಿ, 12 ತಿಂಗಳು. ಅದರ ಮೇಲೆ ಇನ್ನೂ 24 ತಿಂಗಳ ವಿಸ್ತರಣೆ ದೊರೆಯುವುದು ನಿಮ್ಮ ಮೇಜರಿನ ಸಂಕೇತ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ. ಪರಿಸರ ವಿಜ್ಞಾನದ 03.0104 ಮತ್ತು ಜಲವಿಜ್ಞಾನದ 40.0605 ಆ ಪಟ್ಟಿಯಲ್ಲಿವೆ. ವಿದ್ಯಾರ್ಥಿಯೇ ರೂಪಿಸಿಕೊಂಡ ಮೇಜರುಗಳಿಗೆ ಹಲವು ವಿಶ್ವವಿದ್ಯಾಲಯಗಳು 'ಇತರ ಅಂತರಶಿಸ್ತೀಯ ಅಧ್ಯಯನ' ಎಂಬರ್ಥದ 30.9999 ಅಥವಾ ಸಾಮಾನ್ಯ ಅಧ್ಯಯನದ 24ರ ಸರಣಿಯ ಸಂಕೇತವನ್ನು ಕೊಡುತ್ತವೆ, ಅವು ಪಟ್ಟಿಯಲ್ಲಿಲ್ಲ. ಅಂದರೆ ನೀವು ಓದಿದ ಕೋರ್ಸುಗಳಲ್ಲಿ ಮುಕ್ಕಾಲು ಪಾಲು ವಿಜ್ಞಾನದವೇ ಆಗಿದ್ದರೂ, ಸಂಕೇತ ಬೇರೆಯಾದ ಒಂದೇ ಕಾರಣಕ್ಕೆ ಎರಡು ವರ್ಷಗಳ ಕೆಲಸದ ಅವಕಾಶ ಕೈತಪ್ಪುತ್ತದೆ. ಸಾಲದ ಮರುಪಾವತಿಯ ಲೆಕ್ಕವಿರುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಇದನ್ನು ತಿಳಿಯದೆ ಹೆಜ್ಜೆಯಿಟ್ಟ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರಿನಲ್ಲಿ ನನ್ನ ಮುಂದೆ ಬಂದು ಕುಳಿತಾಗ ಮಾಡಲು ಏನೂ ಉಳಿದಿರುವುದಿಲ್ಲ, ಅದಕ್ಕಾಗಿಯೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಿಮ್ಮ ವಿಷಯದಲ್ಲಿ ದಾರಿ ಇದೆ. ಪರಿಸರ ವಿಜ್ಞಾನದ ಮೇಜರನ್ನು ಬಿಡದೆ, ಸ್ವಂತ ಮೇಜರನ್ನು ಎರಡನೆಯದಾಗಿ ಸೇರಿಸಲು ನಿಮ್ಮಲ್ಲಿ ಅವಕಾಶವಿದೆಯೇ ಎಂದು ಕೇಳಿ. ಎರಡು ಮೇಜರುಗಳಿದ್ದಾಗ ಅವುಗಳಲ್ಲಿ ಒಂದು ಸ್ಟೆಮ್ ಪಟ್ಟಿಯಲ್ಲಿದ್ದು ಐ-20ರಲ್ಲಿ ನಮೂದಾಗಿದ್ದರೆ ವಿಸ್ತರಣೆಗೆ ಅರ್ಜಿ ಹಾಕಬಹುದು. ಮೈನರಿಗೆ ಈ ಸೌಲಭ್ಯವಿಲ್ಲ. ಎರಡು ಮೇಜರುಗಳಿಗೆ ಅವಕಾಶವಿಲ್ಲದಿದ್ದರೆ, ನಿಮ್ಮ ಸ್ವಂತ ಮೇಜರಿಗೆ ಯಾವ ಸಂಕೇತ ಕೊಡುತ್ತಾರೆಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಪಟ್ಟಿಯೂ ನಿಯಮಗಳೂ ಬದಲಾಗುತ್ತಿರುವುದರಿಂದ ನನ್ನ ಮಾತನ್ನೇ ಅಂತಿಮವೆಂದು ಭಾವಿಸಬೇಡಿ. ಸಾಮಾನ್ಯವಾಗಿ ಇಷ್ಟು ಕ್ರೆಡಿಟ್ ದಾಟಿದ ಮೇಲೆ ಸ್ವಂತ ಮೇಜರಿಗೆ ಅರ್ಜಿ ಹಾಕುವಂತಿಲ್ಲ ಎಂಬ ಮಿತಿಯೂ ಇರುತ್ತದೆ, ನೀವು ಎರಡನೆಯ ವರ್ಷದಲ್ಲಿ ಇರುವುದರಿಂದ ಅದನ್ನೂ ಈ ವಾರವೇ ವಿಚಾರಿಸಿ.

ಉತ್ತರ: ಜಲಸಂಪನ್ಮೂಲ ಎಂಜಿನಿಯರ್

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ನೀರಿನ ಕ್ಷೇತ್ರದಲ್ಲಿ ಅಂತರಶಿಸ್ತೀಯ ಪದವಿಯಿಂದ ಬಂದವರು ಸಭೆಗಳಲ್ಲಿ ಚೆನ್ನಾಗಿ ಮಾತನಾಡಿ, ನೀರಿನ ಚಲನೆಯ ಗಣಿತ ಮಾದರಿ ರಚಿಸುವ ಕೆಲಸ ಬಂದಾಗ ಹಿಂದೆ ಸರಿಯುವುದನ್ನು ನಾನು ನೋಡಿದ್ದೇನೆ. ಅವರ ಬುದ್ಧಿಗೆ ಕೊರತೆಯಿಲ್ಲ. ಗಣಿತ ಮತ್ತು ಭೌತಶಾಸ್ತ್ರವನ್ನು ಬಿಡಲು ಅವರ ಪದವಿ ಅವಕಾಶ ಕೊಟ್ಟಿತು, ಅವರು ಬಿಟ್ಟರು.

ಅಳತೆಗೋಲೊಂದನ್ನು ಸೂಚಿಸುತ್ತೇನೆ. ಅಮೆರಿಕದ ಕೇಂದ್ರ ಸರ್ಕಾರದ ಜಲವಿಜ್ಞಾನಿ ಹುದ್ದೆಗಳ 1315 ಸರಣಿಯ ಅರ್ಹತೆಯಲ್ಲಿ ಜಲವಿಜ್ಞಾನವೆಂಬ ಹೆಸರಿನ ಮೇಜರ್ ಕಡ್ಡಾಯವಿಲ್ಲ. ನಿಸರ್ಗ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯೊಳಗೆ ಜಲವಿಜ್ಞಾನ, ಭೂವಿಜ್ಞಾನ, ಮಣ್ಣು, ರಸಾಯನ, ಗಣಿತ, ಜಲಸಂಪನ್ಮೂಲ ನಿರ್ವಹಣೆ ಮುಂತಾದವುಗಳಲ್ಲಿ ಒಟ್ಟು 30 ಕ್ರೆಡಿಟ್‌ಗಳಿರಬೇಕು. ಕಲನಶಾಸ್ತ್ರದಲ್ಲಿ 6, ಭೌತಶಾಸ್ತ್ರದಲ್ಲಿ 6 ಕ್ರೆಡಿಟ್‌ಗಳು ಕಡ್ಡಾಯ. ಆ ಹುದ್ದೆಗಳು ಸಾಮಾನ್ಯವಾಗಿ ಅಮೆರಿಕದ ಪೌರರಿಗೆ ಮೀಸಲು, ಆದ್ದರಿಂದ ನಿಮಗೆ ನೇರವಾಗಿ ಉಪಯೋಗವಿಲ್ಲ. ಆದರೂ ಈ ಕ್ಷೇತ್ರ ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಈ 30 ಕ್ರೆಡಿಟ್ ಇದ್ದರೆ ಮೇಜರಿನ ಹೆಸರು ಏನಾದರೂ ಇರಲಿ, ನಿಮ್ಮನ್ನು ನಾನು ಜಲವಿಜ್ಞಾನದ ಹುಡುಗಿ ಎಂದೇ ನೋಡುತ್ತೇನೆ. ಇಲ್ಲದಿದ್ದರೆ ನೀತಿ ಅಧ್ಯಯನದವರೆಂದು ನೋಡುತ್ತೇನೆ. ಅದೂ ಗೌರವದ ಕೆಲಸವೇ, ಆದರೆ ಬೇರೆ ಕೆಲಸ.

ಎಂಜಿನಿಯರಾಗಿ ವೃತ್ತಿ ಪರವಾನಗಿ ಪಡೆಯುವ ಯೋಚನೆ ಎಲ್ಲಾದರೂ ಇದ್ದರೆ ಮಾತ್ರ ಈ ದಾರಿಯನ್ನು ಹಿಡಿಯಲೇಬೇಡಿ. ಹೆಚ್ಚಿನ ರಾಜ್ಯಗಳಲ್ಲಿ ಆ ಪರವಾನಗಿಯ ನೇರ ಹಾದಿ ಎಬಿಇಟಿ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಯ ಮೂಲಕವೇ ಹೋಗುತ್ತದೆ, ಸ್ವಂತ ಮೇಜರಿಗೆ ಆ ಮಾನ್ಯತೆ ಇರುವುದಿಲ್ಲ.

ಉತ್ತರ: ಮೈಸೂರಿನ ಅಧ್ಯಾಪಕಿ

ಕರ್ನಾಟಕಕ್ಕೆ ಮರಳುವ ಮಾತು ಬಂದಿರುವುದರಿಂದ ಇಲ್ಲಿನ ಸ್ಥಿತಿಯನ್ನು ತಿಳಿಸುತ್ತೇನೆ. ನಮ್ಮಲ್ಲಿ ಬಹುಕಾಲದಿಂದ ಮೂರು ವಿಷಯಗಳ ಪದವಿ ಇದೆ: ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಒಬ್ಬ ವಿದ್ಯಾರ್ಥಿ ಮೂರು ವರ್ಷ ಸಮವಾಗಿ ಓದುತ್ತಾನೆ, ಆದರೆ ಮೂರನ್ನೂ ಒಟ್ಟಿಗೆ ಬಳಸಿ ಬಿಡಿಸಬೇಕಾದ ಒಂದು ಪ್ರಶ್ನೆ ಅವನ ಮುಂದೆ ಬರುವುದೇ ಅಪರೂಪ. ಸಂಯೋಜನೆಯನ್ನು ಕಾಲೇಜು ನಿಗದಿ ಮಾಡುತ್ತದೆ. ಇತಿಹಾಸದ ಜೊತೆಗೆ ಭೂವಿಜ್ಞಾನ ಬೇಕೆಂದವರಿಗೆ ಹೆಚ್ಚಿನ ಕಡೆ ಅವಕಾಶವಿರಲಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಮುಕ್ತ ಐಚ್ಛಿಕಗಳು ಬಂದು ಈ ಗೋಡೆ ಸ್ವಲ್ಪ ತಗ್ಗಿತ್ತು. 2024-25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದೆ. ಇವುಗಳಲ್ಲಿ ಯಾವುದು ಸರಿ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ನಿಮಗೆ ಮುಖ್ಯವಾದದ್ದು ಇಷ್ಟು: ಇಲ್ಲಿನ ಸ್ನಾತಕೋತ್ತರ ಪ್ರವೇಶದ ಪ್ರಕಟಣೆಗಳು ಮತ್ತು ನೇಮಕಾತಿಯ ನಿಯಮಗಳು ಪದವಿಯಲ್ಲಿ ಓದಿದ ವಿಷಯದ ಹೆಸರನ್ನು ಕೇಳುತ್ತವೆ. ಪರಿಸರ ವಿಜ್ಞಾನ ಎಂಬ ಹೆಸರು ನಿಮ್ಮ ಪದವಿಪತ್ರದಲ್ಲಿ ಉಳಿದರೆ ಅದು ದೊಡ್ಡ ಅನುಕೂಲ. ಆದ್ದರಿಂದ ಎರಡು ಮೇಜರುಗಳ ಸಲಹೆ ಇಲ್ಲಿನ ದೃಷ್ಟಿಯಿಂದಲೂ ಸರಿ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಅಂತರಶಿಸ್ತೀಯ ಪಿಎಚ್‌ಡಿ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಲ ಸಂಶೋಧನೆಯ ಅಂತರಶಿಸ್ತೀಯ ಕೇಂದ್ರವಿದೆ. ಅವುಗಳ ಪ್ರವೇಶ ನಿಯಮಗಳನ್ನು ಕೋರ್ಸುಗಳನ್ನು ಆರಿಸುವ ಮೊದಲೇ ಓದಿಕೊಳ್ಳಿ.

ಮತ್ತೊಂದು ವಿಷಯವನ್ನು ಹೇಳದಿರಲಾರೆ. ನಿಮ್ಮ ಪಟ್ಟಿಯಲ್ಲಿ ಕನ್ನಡವೇ ಇಲ್ಲ! ನೀವು ಕೇಳುತ್ತಿರುವ ಪ್ರಶ್ನೆಗೆ ಅಮೆರಿಕದ ನಿಮ್ಮ ಸಹಪಾಠಿಗಳ ಬಳಿ ಇಲ್ಲದ, ನಿಮ್ಮ ಬಳಿ ಇರುವ ಸಾಧನ ಅದೇ. ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಕೆರೆ ಕಟ್ಟಿಸಿದ, ತೂಬು ಇಡಿಸಿದ, ಕೆರೆಯ ದುರಸ್ತಿಗೆ ಬಿಟ್ಟುವಟ್ಟ ಅಥವಾ ಕಟ್ಟುಕೊಡಗಿ ಎಂಬ ದತ್ತಿಗಳಾಗಿ ಭೂಮಿ ಬಿಟ್ಟ ಶಾಸನಗಳು ಹೇರಳವಾಗಿವೆ. ಯಾರು ದುಡಿಯಬೇಕು, ಆದಾಯ ಎಲ್ಲಿಂದ, ತಪ್ಪಿದರೆ ಏನು ಎಂಬುದು ಅವುಗಳಲ್ಲಿದೆ. ನೆಬ್ರಾಸ್ಕದ ಮಂಡಳಿಯ ನಿಯಮಾವಳಿಯ ಪಕ್ಕದಲ್ಲಿಟ್ಟು ಓದಬಹುದಾದ ದಾಖಲೆಗಳಿವು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ವಿಜಯನಗರ ಕಾಲದ ಸಂಸ್ಕೃತ ಶಾಸನವನ್ನಂತೂ ತಪ್ಪದೆ ನೋಡಿ. ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಅದನ್ನು ಕೆಡಿಸುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಧರ್ಮಬುದ್ಧಿಯ ಒಡೆಯ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ನೆಲ, ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಕಲ್ಲಿನ ಗಣಿ, ಕೆಲಸ ಬಲ್ಲ ಜನರ ತಂಡ ಎಲ್ಲವೂ ಒಂದೇ ಪಟ್ಟಿಯಲ್ಲಿವೆ. ಕೆಲಸಕ್ಕೆ ಪ್ರತಿದಿನ ಸಾವಿರ ಜನರೂ ಕಲ್ಲು ಸಾಗಿಸಲು ನೂರು ಬಂಡಿಗಳೂ ಇದ್ದವು, ಎರಡು ವರ್ಷ ಹಿಡಿಯಿತು ಎಂದೂ ಅದರಲ್ಲಿದೆ. ಭೂವಿಜ್ಞಾನ, ಆಡಳಿತ, ಶ್ರಮ, ಹಣಕಾಸು ಎಂದು ನಾವು ಬೇರೆ ಬೇರೆ ಕಟ್ಟಡಗಳಲ್ಲಿ ಕಲಿಸುವುದನ್ನು ಒಂದು ಕೆರೆಯ ಅಗತ್ಯ ಒಂದೇ ಕಲ್ಲಿನ ಮೇಲೆ ತಂದಿದೆ. ಹಳಗನ್ನಡ ಮತ್ತು ಶಾಸನಗಳ ಓದಿಗೆ ನಿಮ್ಮಲ್ಲಿ ಕೋರ್ಸು ಇಲ್ಲದಿರಬಹುದು. ಸ್ವತಂತ್ರ ಅಧ್ಯಯನವೆಂದು ಇತಿಹಾಸದ ಅಧ್ಯಾಪಕರ ಹೆಸರಿನಲ್ಲಿ ಕೆಲವು ಕ್ರೆಡಿಟ್ ಪಡೆದು, ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಇಲ್ಲಿನವರ ನೆರವಿನಿಂದ ಓದಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ವಿಚಾರಿಸಿದ್ದೇನೆ: ಪರಿಸರ ವಿಜ್ಞಾನವನ್ನು ಮೊದಲ ಮೇಜರಾಗಿ ಉಳಿಸಿಕೊಂಡು ಸ್ವಂತ ಮೇಜರನ್ನು ಎರಡನೆಯದಾಗಿ ಸೇರಿಸಲು ಇಲ್ಲಿ ಅವಕಾಶವಿದೆ, ಆದರೆ ಒಂದು ಕೋರ್ಸನ್ನು ಎರಡೂ ಕಡೆ ಎಣಿಸುವುದಕ್ಕೆ ಮಿತಿಯಿದೆ. ಆದ್ದರಿಂದ ಜಲವಿಜ್ಞಾನ, ಕಲನಶಾಸ್ತ್ರ, ಭೌತಶಾಸ್ತ್ರಗಳನ್ನು ಮೊದಲ ಮೇಜರಿಗೆ ಇಟ್ಟು, ಎರಡನೆಯದಕ್ಕೆ ಜಲ ಕಾನೂನು, ನಕ್ಷೆ ರಚನೆ, ಕೃಷಿಯ ಇತಿಹಾಸ, ಶಾಸನಗಳ ಸ್ವತಂತ್ರ ಅಧ್ಯಯನ ಮತ್ತು ಅಂತಿಮ ಪ್ರಬಂಧವನ್ನು ಇಟ್ಟಿದ್ದೇನೆ. ಮಾನವಶಾಸ್ತ್ರದಿಂದ ಸಂದರ್ಶನ ವಿಧಾನದ ಒಂದು ಕೋರ್ಸು ಮಾತ್ರ ಉಳಿದಿದೆ. ಒಂದೇ ಅನುಮಾನ: ಎರಡೂ ದೇಶಗಳನ್ನು ಇಡಿಯಾಗಿ ಹೋಲಿಸುವುದು ಪದವಿಯ ಪ್ರಬಂಧಕ್ಕೆ ದೊಡ್ಡದಾಯಿತೇ?

ಉತ್ತರ: ಇಂಡಿಯಾನಾದಿಂದ ಒಬ್ಬ ಕನ್ನಡಿಗ

ದೊಡ್ಡದಾಯಿತು. ನೆಬ್ರಾಸ್ಕದ ಒಂದು ಜಿಲ್ಲಾ ಮಂಡಳಿ ಮತ್ತು ಹಿರಿಯೂರು ತಾಲ್ಲೂಕಿನ ಒಂದು ಕೆರೆಯ ಅಚ್ಚುಕಟ್ಟು, ಇಷ್ಟಕ್ಕೆ ಸೀಮಿತಗೊಳಿಸಿ. ವಾಣಿವಿಲಾಸ ಸಾಗರದ ನಾಲೆಯ ನೀರು ತಲುಪದ ಕೆರೆಯನ್ನು ಆರಿಸಿಕೊಂಡರೆ ಮಳೆ, ಕೆರೆ ಮತ್ತು ಕೊಳವೆಬಾವಿಗಳ ಸಂಬಂಧವನ್ನು ಬೇರ್ಪಡಿಸಿ ನೋಡುವುದು ಸುಲಭವಾಗುತ್ತದೆ. ಎರಡೂ ಕಡೆ ನೀರಿನ ಮಟ್ಟದ ಎಷ್ಟು ವರ್ಷಗಳ ದಾಖಲೆ ಸಿಗುತ್ತದೆಂದು ಮೊದಲು ನೋಡಿ, ಅದರ ನಂತರ ಪ್ರಬಂಧದ ಶೀರ್ಷಿಕೆ ಬರೆಯಿರಿ. ಕರಡು ಸಿದ್ಧವಾದಾಗ ಮೇಲಿನ ಎಂಜಿನಿಯರ್ ಅವರಿಗೂ ತೋರಿಸಿ. ಸಮಿತಿಯ ಅತಿ ಕಠಿಣ ಸದಸ್ಯರು ಕೇಳುವುದನ್ನೇ ಅವರು ಮುಂಚಿತವಾಗಿ ಕೇಳುತ್ತಾರೆ.